ಬದನಿಕೆ ಕೊಯ್ಯುವ ಗರಗಸದ ದೋಟಿ: ಎರಡು ಹಂಗಾಮು ಬಳಸಿದ ಮೇಲೆ

ಧಾರವಾಡದಿಂದ ಕಲಘಟಗಿಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ತಂದೆಯವರು ನೆಟ್ಟ ಆಪೂಸು ಮಾವಿನ ತೋಟವಿದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಅದರ ಹೊಣೆ ನನ್ನ ಪಾಲಿಗೆ ಬಂದಿತು. ಆ ಹೊತ್ತಿಗೆ 42 ಮರಗಳ ಪೈಕಿ 19 ಮರಗಳಿಗೆ, ಕೊಂಬೆಯ ಮೇಲೆ ಬೆಳೆದು ಮರದ ನೀರು ಹೀರುವ ಬದನಿಕೆ ಎಂಬ ಗಿಡ ಹತ್ತಿತ್ತು. ಕೆಲವು ಮರಗಳಲ್ಲಿ ಮಾವಿನ ಎಲೆಗಿಂತ ಬದನಿಕೆಯ ಎಲೆಯೇ ಹೆಚ್ಚು ಕಾಣುತ್ತಿತ್ತು, ಅದರಿಂದಾಚೆಯ ಕೊಂಬೆಗಳ ತುದಿ ಒಣಗಿ ಬೋಳಾಗಿದ್ದವು. ಮರ ಹತ್ತಿ ಕಡಿಯುವ ಆಳುಗಳು ಸಿಗುವುದು ಕಷ್ಟವಾದ್ದರಿಂದ ಹುಬ್ಬಳ್ಳಿಯ ಕೃಷಿ ಸಲಕರಣೆಗಳ ಅಂಗಡಿಯೊಂದರಲ್ಲಿ, ನೆಲದ ಮೇಲೆ ನಿಂತೇ ಕೊಯ್ಯಬಹುದಾದ ಗರಗಸದ ದೋಟಿಯನ್ನು ಕೊಂಡೆ. ಎರಡು ಹಂಗಾಮು ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಇಂಥ ಉಪಕರಣಗಳ ಬಗ್ಗೆ ನಾನು ಓದಿದ ಅಭಿಪ್ರಾಯಗಳೆಲ್ಲ ತೂಕ, ಉದ್ದ, ಬೆಲೆ ಎಂಬಲ್ಲಿಗೇ ಮುಗಿಯುತ್ತವೆ. ಆದರೆ ಬದನಿಕೆಯ ಮಟ್ಟಿಗೆ ಹೇಳುವುದಾದರೆ, ಆ ಗಿಡ ಮರವನ್ನು ಹೇಗೆ ಹಿಡಿದುಕೊಂಡಿರುತ್ತದೆ ಎಂಬುದನ್ನು ಅರಿಯದೆ ಯಾವ ದೋಟಿಯ ಗುಣದೋಷವನ್ನೂ ಅಳೆಯಲು ಬರುವುದಿಲ್ಲ.

ಮೊದಲು ಉಪಕರಣದ ವಿವರ. ಒಂದರೊಳಗೊಂದು ಸೇರುವ ಮೂರು ಅಲ್ಯೂಮಿನಿಯಂ ಕೊಳವೆಗಳಿವೆ. ಮಡಚಿದಾಗ ಸುಮಾರು 7 ಅಡಿ, ಪೂರ್ತಿ ಎಳೆದಾಗ 18 ಅಡಿ. ತುದಿಯಲ್ಲಿ ಕುಡುಗೋಲಿನಂತೆ ಬಾಗಿದ 14 ಅಂಗುಲದ ಗರಗಸವಿದೆ, ಅದರ ಹಲ್ಲುಗಳು ತಳ್ಳಿದಾಗ ಕೊಯ್ಯದೆ ಎಳೆದಾಗ ಮಾತ್ರ ಕೊಯ್ಯುತ್ತವೆ. ಗರಗಸದ ಬುಡದಲ್ಲಿ ಕೊಂಬೆಯನ್ನು ಹಿಡಿದು ಜಗ್ಗಲು ಒಂದು ಕೊಕ್ಕೆ ಇದೆ. ಡಬ್ಬಿಯ ಮೇಲೆ ಈ ಕೊಕ್ಕೆಯ ಚಿತ್ರದ ಪಕ್ಕದಲ್ಲೇ ಬದನಿಕೆಯನ್ನು ಬೇರುಸಹಿತ ಕಿತ್ತುಹಾಕುತ್ತದೆ ಎಂದು ಅಚ್ಚು ಹಾಕಿದ್ದರು. ನನ್ನ ಮೊದಲ ವರ್ಷದ ಶ್ರಮ ವ್ಯರ್ಥವಾದದ್ದು ಈ ಒಂದು ವಾಕ್ಯವನ್ನು ನಂಬಿದ್ದರಿಂದ. ಮೂವತ್ತು ವರ್ಷ ಪಾಠ ಹೇಳಿದವಳು ನಾನೇ ಅದನ್ನು ನಂಬಿದ್ದಕ್ಕೆ ಇಂದಿಗೂ ನೋವಿದೆ.

ನಮ್ಮ ಭಾಗದ ಮಾವು, ಚಿಕ್ಕು, ಹೊಂಗೆ, ಹುಣಸೆ ಮರಗಳ ಮೇಲೆ ಸಾಮಾನ್ಯವಾಗಿ ಕಾಣುವ ಬದನಿಕೆ ಅಥವಾ ಬಂದಳಿಕೆಯ ವೈಜ್ಞಾನಿಕ ಹೆಸರು ಡೆಂಡ್ರೋಫ್ತೋ ಫಾಲ್ಕೇಟಾ. ಮೊದಲ ಪದಕ್ಕೆ ಗ್ರೀಕ್ ಮೂಲದಲ್ಲಿ ಮರದ ಕ್ಷಯ ಎಂಬ ಅರ್ಥವಿದೆ, ಎರಡನೆಯದು ಎಲೆ ಕುಡುಗೋಲಿನಂತೆ ಬಾಗಿರುವುದನ್ನು ಸೂಚಿಸುತ್ತದೆ. ಇದು ಲೊರ್ಯಾಂಥೇಸಿ ಎಂಬ ಕುಟುಂಬಕ್ಕೆ ಸೇರಿದೆ. 1808ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಜುಸ್ಸಿಯು ಗುರುತಿಸಿದ ಈ ಕುಟುಂಬದಲ್ಲಿ ಈಗ ಸುಮಾರು 75 ಜಾತಿಗಳೂ ಒಂದು ಸಾವಿರದ ಸಮೀಪ ಪ್ರಭೇದಗಳೂ ಇವೆ. ಉಷ್ಣವಲಯ ಮತ್ತು ದಕ್ಷಿಣಾರ್ಧಗೋಳವೇ ಇವುಗಳ ಮುಖ್ಯ ನೆಲೆ. ಕುಟುಂಬದ ಹೆಸರಿನ ಮೂಲ ಅರ್ಥ ಬಾರಿನಂಥ ಹೂವು ಎಂದು. ಅರಳಿದ ಹೂವಿನ ಉದ್ದನೆಯ, ಕಿರಿದಾದ ದಳಗಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರಿಗೆ ಆ ಹೆಸರು ಎಷ್ಟು ಸರಿಯೆಂದು ತಿಳಿಯುತ್ತದೆ. ಈ ಕುಟುಂಬವನ್ನು ಒಳಗೊಂಡ ಸ್ಯಾಂಟಲೇಲ್ಸ್ ಎಂಬ ಗಣಕ್ಕೆ, ಅಂದರೆ ಹಲವು ಕುಟುಂಬಗಳ ದೊಡ್ಡ ಗುಂಪಿಗೆ, ನಮ್ಮ ನಾಡಿನ ಶ್ರೀಗಂಧವೂ ಸೇರಿದೆ. ಗಂಧದ ಸಸಿಯ ಜೊತೆ ತೊಗರಿ ಬೆಳೆಸುವುದು ಗಂಧದ ಬೇರಿಗೆ ಹೀರಲು ಇನ್ನೊಂದು ಬೇರು ಬೇಕೆಂಬ ಕಾರಣಕ್ಕೆ. ಅದು ನೆಲದೊಳಗೆ ಮಾಡುವುದನ್ನೇ ಬದನಿಕೆ ಕೊಂಬೆಯ ಮೇಲೆ ಮಾಡುತ್ತದೆ.

ಮೊದಲ ವರ್ಷ ಏಪ್ರಿಲ್ ತಿಂಗಳಲ್ಲಿ ನಾನು ಕೊಕ್ಕೆಯನ್ನೇ ಬಳಸಿದೆ. ಬದನಿಕೆಯ ಕಾಂಡ ಪೆಡಸು, ಜಗ್ಗಿದರೆ ಅದು ಕೊಂಬೆಗೆ ಕೂಡಿರುವ ಗಂಟಿನ ಹತ್ತಿರ ಟಕ್ಕೆಂದು ಮುರಿಯುತ್ತದೆ. ಹಾಗಾಗಿ ಕೊಕ್ಕೆಯ ಕೆಲಸ ಬಹಳ ಸಲೀಸಾಗಿ ಸಾಗಿತು, ಒಂದೇ ದಿನದಲ್ಲಿ ಏಳು ಮರ ಮುಗಿದವು. ನನ್ನ ಬಾಲ್ಯದಿಂದಲೂ ನಮ್ಮ ತೋಟ ನೋಡಿಕೊಂಡು ಬಂದಿರುವ, ನಾನು ಕಾಕಾ ಎಂದೇ ಕರೆಯುವ ಹಿರಿಯರು ಬದುವಿನ ಮೇಲೆ ಕುಳಿತು ಇದನ್ನೆಲ್ಲ ನೋಡಿ, "ತಂಗಿ, ಬದನಿಕಿ ಬೇರು ಟೊಂಗಿ ಒಳಗ ಐತಿ. ಮ್ಯಾಲಿಂದು ಹರದ್ರ ಏನ್ ಬಂತು? ಮಳಿ ಬಿದ್ದ ಮ್ಯಾಲ ನೋಡು" ಎಂದಿದ್ದರು. ಮಳೆ ಬಿದ್ದು ಎರಡು ತಿಂಗಳಾಗುವಷ್ಟರಲ್ಲಿ, ಕಿತ್ತ ಜಾಗಗಳಲ್ಲಿ ಹಲವೆಡೆ ಗಂಟಿನ ಸುತ್ತಲೂ ಹೊಸ ಚಿಗುರು ಬಂದಿತ್ತು. ಒಂದು ಕಾಂಡವಿದ್ದಲ್ಲಿ ನಾಲ್ಕೈದು ಎದ್ದಿದ್ದವು.

ಅಂಥ ಒಂದು ಕೊಂಬೆಯನ್ನು ಕೊಯ್ದು ತಂದು, ಗಂಟಿನ ನಡುವೆ ಉದ್ದಕ್ಕೆ ಸೀಳಿ ಅಂಗಳದ ಕಟ್ಟೆಯ ಮೇಲೆ ಇಟ್ಟು ನೋಡಿದೆ. ಹೊರಗೆ ತೆಂಗಿನಕಾಯಿಯ ಅರ್ಧದಷ್ಟಿದ್ದ ಗಂಟು. ಒಳಗೆ ಮಾವಿನ ಕಟ್ಟಿಗೆಯ ತೆಳು ಬಣ್ಣದಲ್ಲಿ ಬದನಿಕೆಯ ಕಡುಬಣ್ಣದ ಅಂಗಾಂಶವು ಬೆಣೆ ಹೊಡೆದಂತೆ ಇಳಿದಿತ್ತು. ಇದೇ ಹೀರುಬೇರು. ಮಣ್ಣಿನ ಬೇರಿನಂತೆ ಇದನ್ನು ಎಳೆದು ತೆಗೆಯಲಾಗದು, ಏಕೆಂದರೆ ಮರದ ನೀರು ಸಾಗಿಸುವ ಕೊಳವೆಗಳಿಗೂ ಬದನಿಕೆಯ ಕೊಳವೆಗಳಿಗೂ ಇಲ್ಲಿ ನೇರ ಸಂಪರ್ಕ ಬೆಳೆದಿರುತ್ತದೆ. ಮರ ವರ್ಷವರ್ಷ ದಪ್ಪವಾದಂತೆ ಗಂಟೂ ದಪ್ಪವಾಗುತ್ತದೆ, ಯಾವುದು ಮರ, ಯಾವುದು ಬದನಿಕೆ ಎಂದು ಬೇರ್ಪಡಿಸುವ ಗೆರೆ ಅಂಕುಡೊಂಕಾಗಿ ಕಟ್ಟಿಗೆಯ ಆಳಕ್ಕೆ ಸಾಗುತ್ತದೆ. ಬದನಿಕೆ ತಾನಾಗಿ ಸತ್ತು ಕೊಳೆತುಹೋದಾಗ ಮರದ ಭಾಗ ಮಾತ್ರ ಅಲೆಅಲೆಯಾಗಿ ಅರಳಿದ ಕಟ್ಟಿಗೆಯ ಹೂವಿನಂತೆ ಉಳಿಯುವುದುಂಟು. ನಮ್ಮ ತೋಟದ ಒಣ ಕೊಂಬೆಯೊಂದರಿಂದ ಸಿಕ್ಕ ಅಂಥದ್ದೊಂದು ಈಗಲೂ ನನ್ನ ಮೇಜಿನ ಮೇಲಿದೆ.

ಆದ್ದರಿಂದ ಈ ದೋಟಿಯ ಕೊಕ್ಕೆಯನ್ನು ಬದನಿಕೆ ಕೀಳಲು ಬಳಸಲೇಬಾರದು. ಕೊಯ್ದ ಕೊಂಬೆ ಇನ್ನೊಂದು ಕೊಂಬೆಗೆ ಸಿಕ್ಕಿಕೊಂಡಾಗ ಕೆಳಗೆಳೆಯಲು ಮಾತ್ರ ಅದು ಉಪಯುಕ್ತ. ನಿಜವಾದ ಕೆಲಸ ಗರಗಸದ್ದು. ಗಂಟಿಗಿಂತ ಮರದ ಕಾಂಡದ ಕಡೆಗೆ ಕನಿಷ್ಠ ಒಂದು ಅಡಿ ಬಿಟ್ಟು ಮಾವಿನ ಕೊಂಬೆಯನ್ನೇ ಕೊಯ್ಯಬೇಕು. ಎರಡನೆಯ ವರ್ಷ ಹೀಗೆ ಮಾಡಿದ ಮರಗಳಲ್ಲಿ ಕೊಯ್ದ ಜಾಗದಿಂದ ಒಂದು ಚಿಗುರೂ ಮರಳಿ ಬಂದಿಲ್ಲ. 3 ಅಂಗುಲ ದಪ್ಪದವರೆಗಿನ ಕೊಂಬೆಯನ್ನು ಗರಗಸ ಎರಡು ಮೂರು ನಿಮಿಷಗಳಲ್ಲಿ ನುಣುಪಾಗಿ ಕೊಯ್ಯುತ್ತದೆ. ಅದಕ್ಕಿಂತ ದಪ್ಪವಾದರೆ ಮೊದಲು ಕೆಳಗಿನಿಂದ ಒಂದು ಕಚ್ಚು ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಕೊಂಬೆ ತನ್ನ ಭಾರಕ್ಕೆ ಜೋತು ಬಿದ್ದು ಕಾಂಡದ ತೊಗಟೆಯನ್ನು ಸುಲಿದುಕೊಂಡು ಬರುತ್ತದೆ. ಎಳೆದಾಗ ಮಾತ್ರ ಕೊಯ್ಯುವ ಹಲ್ಲುಗಳಿಂದ ಕೆಳಗಿನ ಕಚ್ಚು ಹಾಕುವುದು ಕಷ್ಟ, ಇದು ಈ ಮಾದರಿಯ ನಿಜವಾದ ಕೊರತೆ.

ಎತ್ತರದ ಪ್ರಶ್ನೆಗೂ ಗಿಡದ ಸ್ವಭಾವಕ್ಕೂ ನೇರ ಸಂಬಂಧವಿದೆ. ಬದನಿಕೆ ಒಂದೇ ಗಂಟಿನಲ್ಲಿ ನಿಲ್ಲುವುದಿಲ್ಲ. ಅದರ ಬುಡದಿಂದ ಬೂದು ಬಣ್ಣದ ಹೊರಬೇರುಗಳು ಹೊರಟು ಕೊಂಬೆಯ ತೊಗಟೆಯ ಮೇಲೆ ಹಗ್ಗದಂತೆ ಹರಿಯುತ್ತ, ಅಲ್ಲಲ್ಲಿ ಹೊಸ ಹೀರುಬೇರುಗಳನ್ನು ಇಳಿಬಿಡುತ್ತವೆ. ನೆಲದಿಂದ ನೋಡಿದರೆ ಇವು ತೊಗಟೆಯ ಗೀರುಗಳಂತೆ ಕಾಣುವುದರಿಂದ, ದೊಡ್ಡ ಗಂಟಿನಿಂದ ಒಂದಡಿ ಬಿಟ್ಟು ಕೊಯ್ದೆವೆಂದುಕೊಂಡರೂ ಬೇರೊಂದು ಸಣ್ಣ ಗಂಟು ಮರದಲ್ಲೇ ಉಳಿದಿರಬಹುದು. ಕೊಯ್ಯುವ ಮೊದಲು ದುರ್ಬೀನಿನಿಂದ ಹೊರಬೇರು ಎಲ್ಲಿಯವರೆಗೆ ಹರಿದಿದೆ ಎಂದು ನೋಡಿಕೊಳ್ಳುವುದು ಈಗ ನನ್ನ ರೂಢಿ. 18 ಅಡಿಯ ದೋಟಿಯನ್ನು ಪೂರ್ತಿ ಎಳೆದಾಗ ತುದಿ ತೂಗಾಡುತ್ತದೆ, ಹೇಳಿದ ಜಾಗದಲ್ಲಿ ಹಲ್ಲು ಕೂರುವುದಿಲ್ಲ. 14 ಅಡಿಯವರೆಗೆ ಮಾತ್ರ ಅದು ಹಿಡಿತದಲ್ಲಿ ಇರುತ್ತದೆ ಎಂಬುದು ನನ್ನ ಅನುಭವ. ನನ್ನ ಎತ್ತರ ಸೇರಿಸಿದರೆ 18 ಅಡಿ ಎತ್ತರದ ಕೊಂಬೆ ಸಿಗುತ್ತದೆ, ಹಳೆಯ ಮರಗಳ ನೆತ್ತಿ ಸಿಗುವುದಿಲ್ಲ.

ಮರದಲ್ಲಿ ಬದನಿಕೆಯನ್ನು ಗುರುತಿಸುವುದು ಕಲಿತವರಿಗೆ ಕಷ್ಟವಲ್ಲ. ಎಲೆ ದಪ್ಪ, ತೊಗಲಿನಂತೆ ಗಡಸು, ಸ್ವಲ್ಪ ಬೂದು ಮಿಶ್ರಿತ ಹಸಿರು, ಎಷ್ಟೋ ಸಲ ನಡುನರ ಕೆಂಪಾಗಿರುತ್ತದೆ. ಈ ಹಸಿರೇ ಇದರ ಮುಖ್ಯ ಲಕ್ಷಣವೂ ಹೌದು. ಬದನಿಕೆ ತನ್ನ ಆಹಾರದ ಬಹುಪಾಲನ್ನು ತಾನೇ ಬಿಸಿಲಿನಲ್ಲಿ ತಯಾರಿಸಿಕೊಳ್ಳುವ ಭಾಗಶಃ ಪರಾವಲಂಬಿ, ಮರದಿಂದ ಅದಕ್ಕೆ ಮುಖ್ಯವಾಗಿ ಬೇಕಿರುವುದು ನೀರು ಮತ್ತು ಲವಣಗಳು. ಆ ನೀರು ತನ್ನ ಕಡೆಗೆ ಹರಿಯಬೇಕಾದರೆ ಎಲೆಗಳಿಂದ ಮರಕ್ಕಿಂತ ಹೆಚ್ಚು ನೀರನ್ನು ಆವಿಯಾಗಿ ಬಿಡುತ್ತಲೇ ಇರಬೇಕು. ಬೇಸಿಗೆಯಲ್ಲಿ ಮಾವು ತನ್ನ ಪತ್ರರಂಧ್ರಗಳನ್ನು ಮುಚ್ಚಿ ನೀರು ಉಳಿಸಿಕೊಳ್ಳುವ ಹೊತ್ತಿನಲ್ಲೂ ಬದನಿಕೆ ಅಷ್ಟು ಮಿತವ್ಯಯ ಮಾಡುವುದಿಲ್ಲ. ಗಂಟಿನಾಚೆಯ ಕೊಂಬೆ ಒಣಗುವುದು ಇದರಿಂದಲೇ. ಬರದ ವರ್ಷ ನಮ್ಮ ತೋಟದಲ್ಲಿ ಬದನಿಕೆ ಹತ್ತಿದ ಕೊಂಬೆಗಳಲ್ಲಿ ಕಾಯಿ ಹಿಡಿದದ್ದು ತೀರ ಕಡಿಮೆ.

ಹೂವಿನ ಬಗ್ಗೆ ಬರೆಯದೆ ಮುಂದೆ ಹೋಗಲು ಮನಸ್ಸಿಲ್ಲ. ದೋಟಿಯಿಂದಾದ ಒಂದು ಅನಿರೀಕ್ಷಿತ ಲಾಭವೆಂದರೆ, ಇಷ್ಟು ವರ್ಷ ತಲೆಯೆತ್ತಿ ನೋಡುತ್ತಿದ್ದ ಹೂಗೊಂಚಲು ಕೈಗೆ ಬಂದದ್ದು. ಎಲೆಯ ಕಂಕುಳಲ್ಲಿ ಒಂದೇ ಬದಿಗೆ ಸಾಲಾಗಿ ನಿಂತ ಮೊಗ್ಗುಗಳು ಸಣ್ಣ ಬೆರಳಿನಷ್ಟು ಉದ್ದ, ಕಿತ್ತಳೆ ಬಣ್ಣ, ಸ್ವಲ್ಪ ಬಾಗಿದ ಕೊಳವೆ, ತುದಿ ಹಸಿರು. ಐದು ದಳಗಳು ಕೂಡಿ ಆದ ಕೊಳವೆ ಅರಳುವಾಗ ಒಂದು ಬದಿಯಲ್ಲಿ ಉದ್ದಕ್ಕೆ ಸೀಳುತ್ತದೆ, ತುದಿಗಳು ಹಿಂದಕ್ಕೆ ಮಡಚಿಕೊಂಡು ಐದು ಕೇಸರಗಳನ್ನು ಹೊರಗೆ ಚಾಚುತ್ತವೆ. ಇದೇ ಕುಟುಂಬದ ಮ್ಯಾಕ್ರೋಸೋಲೆನ್‌ನಲ್ಲಿ ದಳ ಆರು, ಸ್ಕರುಲಾದಲ್ಲಿ ನಾಲ್ಕು. ಕೊಳವೆಯ ಬುಡದಲ್ಲಿ ಅಂಡಾಶಯದ ನೆತ್ತಿಗೆ ಸುತ್ತಿದ ಒಂದು ಚಿಕ್ಕ ಅಂಚು ಇರುತ್ತದೆ, ಭೂತಗನ್ನಡಿಯಲ್ಲಿ ಅದು ಬಟ್ಟಲಿನ ಕಂಠದಂತೆ ಕಾಣುತ್ತದೆ. ದಳಗಳ ಹೊರಗಿನ ಸುತ್ತಾದ ಪುಷ್ಪಪಾತ್ರೆ ಇಲ್ಲಿ ಪೂರ್ಣ ಬೆಳೆದಿರುವುದಿಲ್ಲ, ಅದರ ಸ್ಥಾನದಲ್ಲಿರುವ ಈ ಅಂಚು ಲೊರ್ಯಾಂಥೇಸಿಯ ಗುರುತು. ಇನ್ನೊಂದು ಬಗೆಯ ಬದನಿಕೆಯಾದ ವಿಸ್ಕಮ್‌ನಲ್ಲಿ ಹೂಗಳು ಕಣ್ಣಿಗೆ ಬೀಳದಷ್ಟು ಚಿಕ್ಕವು, ಗಂಡು ಹೆಣ್ಣು ಬೇರೆಬೇರೆ, ಈ ಅಂಚೂ ಇಲ್ಲ. ಕಾಲೇಜಿನಲ್ಲಿ ಈ ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲೆ ಬರೆದು ಹೇಳಿದ್ದೆ. ಅಂಗಳದಲ್ಲಿ ಗೊಂಚಲು ಹರಡಿಕೊಂಡು ಒಂದೊಂದೇ ಹೂವು ಬಿಡಿಸಿದಾಗ ಆದ ಸಂತೋಷ ಬೇರೆಯೇ.

ಒಳಗಿನ ರಚನೆ ಇನ್ನೂ ವಿಚಿತ್ರ. ಬೇರೆ ಹೂಗಿಡಗಳಲ್ಲಿ ಅಂಡಾಶಯದೊಳಗೆ, ಮುಂದೆ ಬೀಜವಾಗುವ, ಹೊದಿಕೆಯುಳ್ಳ ಅಂಡಕಗಳಿರುತ್ತವೆ, ಇಲ್ಲಿ ಅಂಥ ಹೊದಿಕೆ ರೂಪುಗೊಳ್ಳುವುದೇ ಇಲ್ಲ. ಭ್ರೂಣ ಮೂಡುವ ಭ್ರೂಣಚೀಲಗಳು ಅಂಡಾಶಯದಲ್ಲಿ ಸುಮ್ಮನೆ ಉಳಿಯದೆ, ಅಂಡಾಶಯದ ಮೇಲಿನ ಕಡ್ಡಿಯಂಥ ಭಾಗವಾದ ಶಲಾಕೆಯೊಳಗೆ ಮೇಲಕ್ಕೆ ಬೆಳೆಯುತ್ತವೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಪಂಚಾನನ ಮಹೇಶ್ವರಿ, ಬಿ. ಎಂ. ಜೋಹ್ರಿ ಮತ್ತವರ ಶಿಷ್ಯರು ಈ ಕುಟುಂಬದ ಭ್ರೂಣವಿಜ್ಞಾನದ ಮೇಲೆ ಮಾಡಿದ ಕೆಲಸ ನಮ್ಮ ದೇಶದ ಸಸ್ಯಶಾಸ್ತ್ರದ ಹೆಮ್ಮೆಯ ಪುಟ. ಅಂಡಕಕ್ಕೆ ಹೊದಿಕೆ ಇಲ್ಲದಿರುವುದರಿಂದ ಬೀಜಕ್ಕೂ ಸಿಪ್ಪೆ ಇರುವುದಿಲ್ಲ. ಅದರ ಬದಲು ಹಣ್ಣಿನ ತಿರುಳಿನಲ್ಲಿ ವಿಸಿನ್ ಎಂಬ ಅಂಟಿನ ಪದರ ಬೀಜವನ್ನು ಸುತ್ತಿರುತ್ತದೆ. ತೋಟದವರಿಗೆ ದೊಡ್ಡ ತೊಂದರೆ ಕೊಡುವುದು ಈ ಅಂಟೇ.

ಬೆಳೆದ ಬದನಿಕೆ ಹಣ್ಣು ಗುಲಾಬಿಯಿಂದ ಕೆಂಪಿಗೆ ತಿರುಗಿದ ಪುಟ್ಟ ಮೊಟ್ಟೆಯಂತೆ, ಸುಮಾರು ಒಂದು ಸೆಂಟಿಮೀಟರ್ ಉದ್ದ, ನೆತ್ತಿಯ ಮೇಲೆ ಹೂವಿನ ಆ ಅಂಚು ಹಾಗೆಯೇ ಉಳಿದಿರುತ್ತದೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ, ಬದನಿಕೆ ಹಕ್ಕಿ ಎಂದೇ ಹೆಸರಾದ ಬೂದು ಹಕ್ಕಿ ಅದನ್ನು ನುಂಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಅಂಟುಸಹಿತ ಬೀಜ ಹೊರಬಂದಾಗ ಅದು ದಾರದಂತೆ ಜೋತಾಡುವುದರಿಂದ ಹಕ್ಕಿ ತನ್ನ ಹಿಂಭಾಗವನ್ನು ಕೊಂಬೆಗೆ ಒರೆಸುತ್ತದೆ, ಬೀಜ ಅಲ್ಲಿಯೇ ಅಂಟಿಕೊಳ್ಳುತ್ತದೆ. ಪಕ್ಷಿತಜ್ಞ ಸಾಲಿಂ ಅಲಿಯವರು ಕೊಂಕಣದಲ್ಲಿ ಗಮನಿಸಿ 1931ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸೂರಕ್ಕಿಗಳು ಈ ಗಿಡದ ಪರಾಗಸ್ಪರ್ಶ ಮಾಡುವುದನ್ನೂ ಬದನಿಕೆ ಹಕ್ಕಿ ಬೀಜ ಹರಡುವುದನ್ನೂ ವಿವರಿಸಿದ್ದಾರೆ. ಅಂಟಿದ ಬೀಜಕ್ಕೆ ಮಣ್ಣು ಬೇಡ. ಒಳಗಿನ ಹಸಿರು ಭ್ರೂಣದ ತುದಿ ಬೆಳಕಿಗೆ ಬೆನ್ನು ಹಾಕಿ ತೊಗಟೆಯ ಕಡೆಗೆ ಬಾಗಿ, ಗುಂಡಿಯಂತೆ ಚಪ್ಪಟೆಯಾಗಿ ಕಚ್ಚಿಕೊಂಡು ಒಳಗಿಳಿಯುತ್ತದೆ.

ಏಪ್ರಿಲ್‌ನಲ್ಲಿ ಕೊಯ್ದದ್ದು ನನ್ನ ಎರಡನೆಯ ತಪ್ಪು. ಆಗ ಗೊಂಚಲು ತುಂಬ ಹಣ್ಣಿದ್ದವು. ದೋಟಿಯಿಂದ ಜಗ್ಗಿದಾಗ ಒಡೆದ ಹಣ್ಣಿನ ಬೀಜಗಳು ಕೆಳಗಿನ ಕೊಂಬೆಗಳಿಗೂ ಗರಗಸದ ಅಲಗಿಗೂ ಅಂಟಿಕೊಂಡವು. ಅಲಗಿನಿಂದ ಒಂಬತ್ತು ಬೀಜಗಳನ್ನು ನಾನೇ ಕೆರೆದು ತೆಗೆದೆ, ಅದಕ್ಕೂ ಮೊದಲು ಆ ಅಲಗು ಎಷ್ಟು ಕೊಂಬೆಗಳನ್ನು ಸವರಿತ್ತೋ. ಎರಡನೆಯ ವರ್ಷ ಮಾವು ಇಳಿಸಿದ ಕೂಡಲೇ, ಜೂನ್ ತಿಂಗಳಲ್ಲಿ, ಬದನಿಕೆಯ ಹಣ್ಣು ಬಹುತೇಕ ಮುಗಿದಿದ್ದಾಗ ಕೊಯ್ದೆವು. ಮಾವಿನ ಮರಕ್ಕೂ ಸುಗ್ಗಿ ಮುಗಿದೊಡನೆ ಸವರುವುದೇ ಹಿತ. ಕೈಗೆಟಕಿದ ಗಾಯಗಳಿಗೆಲ್ಲ ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ಮುಲಾಮು ಹಚ್ಚಿದೆವು. ಎತ್ತರದವಕ್ಕೆ ದೋಟಿಯ ತುದಿಗೇ ಬಟ್ಟೆ ಸುತ್ತಿ ಹಚ್ಚುವ ಉಪಾಯ ಕಾಕಾ ಹೇಳಿಕೊಟ್ಟರು, ಅದು ಚೆನ್ನಾಗಿ ನಡೆಯಿತು.

ದೋಷಗಳನ್ನೂ ಹೇಳಬೇಕು. ಕೊಳವೆಗಳನ್ನು ಬಿಗಿಯುವ ಪ್ಲಾಸ್ಟಿಕ್ ಕ್ಲಿಪ್ ಮೊದಲ ಹಂಗಾಮಿನಲ್ಲೇ ಸಡಿಲಾಯಿತು, ಕೊಯ್ಯುವಾಗ ಮೇಲಿನ ಕೊಳವೆ ತಿರುಗುತ್ತಿತ್ತು. ಅಂಗಡಿಯವರು ಬದಲಿ ಕ್ಲಿಪ್ ತರಿಸಿಕೊಡುವುದಾಗಿ ಹೇಳಿ ಮೂರು ಸಲ ಓಡಾಡಿಸಿದರು, ಕೊನೆಗೆ ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿ ಹಾಕಿಸಿದೆ. ಮಾವಿನ ಸೊನೆ ಹಲ್ಲುಗಳ ನಡುವೆ ಗಟ್ಟಿಯಾಗುವುದರಿಂದ ಪ್ರತಿದಿನ ಸಂಜೆ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಲೇಬೇಕು. ಬಹಳ ಮುಖ್ಯವಾದದ್ದು, ಅಲ್ಯೂಮಿನಿಯಂ ದೋಟಿಯನ್ನು ವಿದ್ಯುತ್ ತಂತಿಯ ಆಸುಪಾಸಿನಲ್ಲಿ ಎತ್ತಬಾರದು, ಪ್ರಾಣಾಪಾಯವಿದೆ. ಅಡಿಕೆ ತೋಟದವರು ಬಳಸುವ ಕಾರ್ಬನ್ ಫೈಬರ್ ದೋಟಿಯ ಮೂಲಕವೂ ವಿದ್ಯುತ್ ಹರಿಯುತ್ತದೆ, ಫೈಬರ್ ಎಂಬ ಹೆಸರು ಕೇಳಿ ಯಾರೂ ಧೈರ್ಯ ಮಾಡಬಾರದು. ಡಬ್ಬಿಯ ಮೇಲೆ ಈ ಎಚ್ಚರಿಕೆ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿದೆ. ತೂಕದಲ್ಲಿ ಮತ್ತು ನೆಟ್ಟಗೆ ನಿಲ್ಲುವುದರಲ್ಲಿ ಕಾರ್ಬನ್ ಫೈಬರ್ ಖಂಡಿತ ಮೇಲು, ಆದರೆ ಬೆಲೆ ಹಲವು ಪಟ್ಟು. ಬಿದಿರಿಗೆ ಕುಡುಗೋಲು ಕಟ್ಟಿದ ಹಳೆಯ ದೋಟಿ ಎಳೆಯ ಬದನಿಕೆಯನ್ನು ಸವರಲು ಸಾಕು, ಮಾವಿನ ಕೊಂಬೆ ಕೊಯ್ಯಲು ಸಾಲದು.

ಹತ್ತಿಪ್ಪತ್ತು ಮರಗಳ ತೋಟವಿದ್ದು, ಮರಗಳು 20 ಅಡಿಯೊಳಗಿದ್ದರೆ ಈ ದೋಟಿಯನ್ನು ನಾನು ಕೊಳ್ಳಲು ಹೇಳುತ್ತೇನೆ. ಐದಕ್ಕೆ ಮೂರೂವರೆ ಅಂಕ. ಅರ್ಧ ಅಂಕ ಕ್ಲಿಪ್ಪಿಗೆ, ಒಂದು ಪೂರ್ತಿ ಅಂಕ ಬೇರುಸಹಿತ ಕೀಳುತ್ತದೆಂಬ ಆ ಸುಳ್ಳಿಗೆ ಕಳೆದಿದ್ದೇನೆ. ಹಳೆಯ, ಎತ್ತರದ ಮರಗಳಿದ್ದರೆ ನುರಿತ ಆಳುಗಳನ್ನೇ ಹಗ್ಗ ಕಟ್ಟಿ ಹತ್ತಿಸುವುದು ಮೇಲು.

ತೋಟದ ಬದುವಿನಲ್ಲಿರುವ ಎರಡು ಹೊಂಗೆ ಮರಗಳ ಬದನಿಕೆಗೆ ಮಾತ್ರ ನಾನು ಗರಗಸ ತಾಗಿಸಿಲ್ಲ, ಅಲ್ಲಿಂದ ಬೀಜ ಮರಳಿ ಬರುತ್ತದೆಂದು ಗೊತ್ತಿದ್ದೂ. ಹಳದಿ ಕೆಂಪು ಬಣ್ಣದ ಜೆಜೆಬೆಲ್ ಚಿಟ್ಟೆಯ ಮರಿಹುಳುಗಳಿಗೆ ಬದನಿಕೆಯ ಎಲೆಯೇ ಆಹಾರ. ಆಸ್ಟ್ರೇಲಿಯದ ಕಾಡಿನ ತುಣುಕುಗಳಿಂದ ಬದನಿಕೆಯನ್ನು ಪೂರ್ತಿ ತೆಗೆದು ನೋಡಿದ ಡೇವಿಡ್ ವಾಟ್ಸನ್ ಅವರ 2012ರ ಅಧ್ಯಯನದಲ್ಲಿ, ಮೂರು ವರ್ಷಗಳಲ್ಲಿ ಸುಮಾರು ಐದನೇ ಒಂದು ಭಾಗದಷ್ಟು ಹಕ್ಕಿ ಪ್ರಭೇದಗಳು ಅಲ್ಲಿಂದ ಮರೆಯಾದದ್ದು ಕಂಡುಬಂದಿತ್ತು. ಆ ಹೊಂಗೆಯ ಬದನಿಕೆಯೊಂದರ ಮೇಲೆ ಈ ವರ್ಷ ವಿಸ್ಕಮ್ ಕ್ಯಾಪಿಟೆಲ್ಲೇಟಮ್ ಹತ್ತಿದೆ. ಬದನಿಕೆಯನ್ನೇ ಹೀರಿ ಬದುಕುವ ಈ ಬದನಿಕೆಯನ್ನು ನಾನು ಜೀವಂತವಾಗಿ ನೋಡಿದ್ದು ಇದೇ ಮೊದಲು. ಕಾಕಾ ಅದನ್ನು ದೋಟಿಯ ಕೊಕ್ಕೆಯಿಂದ ಮೆಲ್ಲಗೆ ಬಾಗಿಸಿ ಹಿಡಿದರು, ನಾನು ಭೂತಗನ್ನಡಿಯಲ್ಲಿ ಅದರ ಹೂವು ನೋಡಿದೆ.